ಕೆಂಡದ ಮೇಲೆ 180 ಲೆಗ್ ಪೀಸ್: ನನ್ನ ಅನುಭವ

ಕಳೆದ ಏಪ್ರಿಲ್‌ನಲ್ಲಿ ಉಡುಪಿ ಜಿಲ್ಲೆಯ ಕಾಪು ಹತ್ತಿರ, ಮದುವೆಯ ಹಿಂದಿನ ರಾತ್ರಿಯ ಒಂದು ಮೆಹಂದಿ ಊಟಕ್ಕೆ 180 ಕೋಳಿ ಲೆಗ್ ಪೀಸ್ ಸುಟ್ಟೆ. ತೊಡೆ ಸಮೇತ, ಮೂಳೆ ಸಮೇತ, ಬರೀ ಇದ್ದಿಲಿನ ಕೆಂಡದಲ್ಲಿ. ಮೊದಲೇ ಬೇಯಿಸಿ ತಂದದ್ದಲ್ಲ, ಎಣ್ಣೆಯಲ್ಲಿ ಕರಿದದ್ದೂ ಅಲ್ಲ. ರಾತ್ರಿ ಎಂಟಕ್ಕೆ ಶುರು ಮಾಡಿದ್ದು, ಹನ್ನೊಂದರ ಒಳಗೆ ಪೂರ್ತಿ ಖಾಲಿ. "ಒಳಗೆ ಹಸಿ ಉಂಟು" ಅಂತ ಒಂದು ತಟ್ಟೆಯೂ ವಾಪಸ್ ಬರಲಿಲ್ಲ. ಐದು ದಿನ ಬಿಟ್ಟು ಮದುಮಗನ ಅಣ್ಣನಿಗೆ ಫೋನ್ ಮಾಡಿ ಕೇಳಿದೆ, ಯಾರಿಗಾದರೂ ಹೊಟ್ಟೆ ಕೆಟ್ಟಿತಾ ಅಂತ. ಮರುದಿನವೇ ಕೇಳಿದರೆ ಪ್ರಯೋಜನ ಇಲ್ಲ. ಕೋಳಿಯಿಂದ ಬರುವ ಕೆಲವು ರೋಗಾಣುಗಳು ಹೊಟ್ಟೆಗೆ ಹೋದ ಎರಡರಿಂದ ಐದು ದಿನಕ್ಕೆ ತಮ್ಮ ಕೆಲಸ ತೋರಿಸುತ್ತವೆ. ಯಾರಿಗೂ ಏನೂ ಆಗಿರಲಿಲ್ಲ.

ಇದನ್ನು ಬರೆಯಲು ಕಾರಣ, ನಮ್ಮ ಕಡೆಯ ಅಡುಗೆಯವರಲ್ಲಿ ನಾನು ಕೇಳಿದ ಎಲ್ಲರೂ "ಅಷ್ಟು ಪೀಸ್ ಹಸಿಯಿಂದ ಸುಡ್ಲಿಕ್ಕೆ ಆಗುದಿಲ್ಲ" ಅಂತಲೇ ಹೇಳಿದ್ದರು. ಮಧ್ಯಾಹ್ನ ಅರ್ಧ ಬೇಯಿಸಿ ಇಟ್ಟುಕೊಳ್ಳಬೇಕು, ರಾತ್ರಿ ಕೆಂಡದ ಮೇಲೆ ಬಣ್ಣ ಬರಿಸಿ ಕೊಡಬೇಕು, ಅದೇ ದಾರಿ ಅಂತ. ನನ್ನ ಭಾವನಂತೂ ನಾನು ಥರ್ಮಾಮೀಟರ್ ತೆಗೆದಾಗಲೆಲ್ಲ, "ಎಂತ ಮಾರಾಯ, ಕೋಳಿಗೆ ಜ್ವರ ಉಂಟಾ ನೋಡುದಾ?" ಅಂತ ಎಲ್ಲರೆದುರು ಕೇಳುತ್ತಿದ್ದರು.

ನನ್ನ ಮೂಲ ಕೆಲಸ ಫ್ರಿಜ್ ಮತ್ತು ಎ.ಸಿ. ರಿಪೇರಿ. ಕಟಪಾಡಿಯಲ್ಲಿ ಸಣ್ಣ ಅಂಗಡಿ. ಹಾಗಾಗಿ ಡಿಗ್ರಿ ಲೆಕ್ಕ ನನಗೆ ಹೊಸದಲ್ಲ. ಬಿಸಿ ಎಷ್ಟು, ತಂಪು ಎಷ್ಟು, ಎಷ್ಟು ಹೊತ್ತು ಅಂತ ನೋಡುವುದೇ ಇಪ್ಪತ್ತು ವರ್ಷದ ದುಡಿಮೆ. ಆದರೂ ಆ ಲೆಕ್ಕವನ್ನು ಕೆಂಡದ ಹತ್ತಿರ ತರಬೇಕು ಅಂತ ಹೊಳೆಯಲು ದೊಡ್ಡಮ್ಮ ಆಸ್ಪತ್ರೆ ಸೇರಬೇಕಾಯಿತು.

ಅದು ಮಗನ ಹುಟ್ಟುಹಬ್ಬ. ಐದು ವರ್ಷ ಆಯಿತು. ಫ್ರೀಜರ್‌ನಲ್ಲಿದ್ದ ಕೋಳಿಯನ್ನು ಸಂಜೆ ಬಕೆಟ್ ನೀರಿಗೆ ಹಾಕಿ ಬಿಡಿಸಿದೆ. ಹೊರಗೆ ಮೆತ್ತಗಾಯಿತು, ಮಸಾಲೆ ಹಚ್ಚಿದೆ. ಕೆಂಡ ಕೆಂಪಗೆ ಉರಿಯುತ್ತಿರುವಾಗಲೇ ಜಾಲರಿ ಇಟ್ಟೆ. ಹದಿನೈದು ನಿಮಿಷಕ್ಕೆ ಮೇಲೆಲ್ಲ ಕಪ್ಪು, ಪರಿಮಳವೋ ಓಣಿ ದಾಟಿ ಹೋಗಿತ್ತು. ಎಲ್ಲರೂ ಹೊಗಳುತ್ತಾ ತಿಂದರು. ದೊಡ್ಡಮ್ಮ ಮೂಳೆಯ ಹತ್ತಿರ ಸ್ವಲ್ಪ ತಣ್ಣಗಿದೆ ಅಂದರು. ನಾನು ಕತ್ತಲಲ್ಲಿ ನೋಡಿ "ಏನಿಲ್ಲ ದೊಡ್ಡಮ್ಮ, ತಿನ್ನಿ" ಅಂದೆ. ಮೂರನೇ ದಿನ ನಾಲ್ಕು ಜನರಿಗೆ ಭೇದಿ. ದೊಡ್ಡಮ್ಮನಿಗೆ ಎರಡು ದಿನ ಗ್ಲುಕೋಸ್ ಏರಿಸಿದರು. ಆ "ತಿನ್ನಿ" ಅನ್ನುವ ಮಾತು ನನಗೆ ಇವತ್ತಿಗೂ ಚುಚ್ಚುತ್ತದೆ.

ಈಗ ಫ್ರೀಜರ್ ಕೋಳಿ ಆದರೆ ಹಿಂದಿನ ರಾತ್ರಿಯೇ ಫ್ರಿಜ್‌ನ ಕೆಳಗಿನ ಶೆಲ್ಫಿಗೆ ಇಳಿಸುತ್ತೇನೆ, ಅಡಿಯಲ್ಲಿ ಅಗಲ ಪಾತ್ರೆ ಇಟ್ಟು. ಮೆಹಂದಿಯಂಥ ದೊಡ್ಡ ಕೆಲಸಕ್ಕೆ ಫ್ರೀಜರ್ ಮಾಲು ಮುಟ್ಟುವುದೇ ಇಲ್ಲ. ಅದೇ ದಿನದ ಕೋಳಿ, ನೇರ ಐಸ್‌ಗೆ.

ಆಮೇಲಿನ ಎರಡು ವರ್ಷ ನಾನು ಬೇರೆಯವರ ಮಾತನ್ನೇ ಕೇಳಿದೆ. ಅರ್ಧ ಬೇಯಿಸಿ ಇಟ್ಟೆ. ಮಧ್ಯಾಹ್ನ ಮೂರಕ್ಕೆ ಬೇಯಿಸಿ, ದೊಡ್ಡ ಪಾತ್ರೆಯಲ್ಲಿ ಮುಚ್ಚಿಟ್ಟು, ರಾತ್ರಿ ಎಂಟಕ್ಕೆ ಸುಡುವುದು. ಒಂದು ಸಲ ಮುಚ್ಚಳ ತೆಗೆದಾಗ ಸಣ್ಣ ಹುಳಿ ವಾಸನೆ. ಜತೆಗಿದ್ದ ಹುಡುಗ "ಮಸಾಲೆಯ ಹುಣಸೆ ಹುಳಿ ಅಣ್ಣ" ಅಂದ. ನನಗೆ ಧೈರ್ಯ ಬರಲಿಲ್ಲ. ಹನ್ನೆರಡು ಕೆ.ಜಿ. ಹೊಂಡಕ್ಕೆ ಹಾಕಿದೆ. ಮೂರು ಸಾವಿರ ರೂಪಾಯಿ ಹತ್ತಿರ ಹೋಯಿತು, ಮೇಲಿನಿಂದ ಮನೆಯವರ ಮುಖ ಬೇರೆ.

ಆ ರಾತ್ರಿ ಕೂತು ಯೋಚಿಸಿದೆ. 5ರಿಂದ 60 ಡಿಗ್ರಿ ನಡುವೆ ರೋಗಾಣು ಬೇಗ ಬೇಗ ಬೆಳೆಯುತ್ತವೆ. ಅಡುಗೆ ಆ ನಡುವೆ ಎರಡು ಗಂಟೆಗಿಂತ ಜಾಸ್ತಿ ಇರಬಾರದು. ಹೊರಗೆ 32 ಡಿಗ್ರಿ ದಾಟಿದರೆ ಒಂದೇ ಗಂಟೆ. ನಮ್ಮ ಏಪ್ರಿಲ್ ಸಂಜೆ ಹೇಗಿರುತ್ತದೆ ಅಂತ ಹೇಳಬೇಕಾ? ಅರ್ಧ ಬೆಂದ ಕೋಳಿ ಮುಚ್ಚಿದ ಪಾತ್ರೆಯಲ್ಲಿ ಐದು ಗಂಟೆ ಉಗುರು ಬೆಚ್ಚಗೆ ಕೂತಿರುತ್ತದೆ. ಹಸಿ ಕೋಳಿ ಐಸ್‌ನಲ್ಲಿ ಇದ್ದದ್ದಕ್ಕಿಂತ ಅದೇ ಅಪಾಯ. ಕೆಲವು ರೋಗಾಣು ಬಿಟ್ಟು ಹೋಗುವ ವಿಷ ಆಮೇಲೆ ಎಷ್ಟು ಸುಟ್ಟರೂ ಹೋಗುವುದಿಲ್ಲ. ಬೇಯಿಸುವುದಾದರೆ ಪೂರ್ತಿ ಬೇಯಿಸಿ, ಇಲ್ಲವಾದರೆ ತಣ್ಣಗೆ ಇಡಿ. ನಡುವಿನ ದಾರಿ ಬೇಡ ಅಂತ ಅವತ್ತೇ ಬಿಟ್ಟೆ.

ಹಾಗಾದರೆ ಹಸಿಯಿಂದ ಸುಡುವುದು ಹೇಗೆ? ಇಲ್ಲಿಂದ ನನ್ನ ದುಡ್ಡು ಹೋಗಲು ಶುರುವಾಯಿತು.

ಮೊದಲು ಗುಜರಿ ಅಂಗಡಿಯಿಂದ ಒಂದು ಹಳೇ ಡ್ರಮ್ ತಂದೆ, 700 ರೂಪಾಯಿಯೋ ಏನೋ. ಅರ್ಧಕ್ಕೆ ಸೀಳಿಸಿದೆ. ಒಳಗೆ ಏನಿತ್ತು ಅಂತ ಅಂಗಡಿಯವನಿಗೂ ಗೊತ್ತಿಲ್ಲ. ಎರಡು ಸಲ ಸೌದೆ ಹಾಕಿ ಉರಿಸಿದೆ, ಬಿಸಿಯಾದಾಗ ಪೈಂಟಿನ ವಾಸನೆ ಬರುವುದು ನಿಲ್ಲಲಿಲ್ಲ. ಅದೀಗ ತೋಟದಲ್ಲಿ ಗೊಬ್ಬರದ ಡ್ರಮ್. ಆಮೇಲೆ ಕಡಿಮೆಗೆ ಸಿಗುತ್ತದೆ ಅಂತ ಜಿ.ಐ. ಜಾಲರಿ ತಂದೆ. ವೆಲ್ಡಿಂಗ್ ಮಾಡುವ ಗೆಳೆಯ ನೋಡಿದವನೇ ಬೈದ. ಅದರ ಮೇಲೆ ಸತುವಿನ ಲೇಪ ಇರುತ್ತದೆ, ಕೆಂಡದ ಬಿಸಿಗೆ ಅದರ ಹೊಗೆ ಒಳ್ಳೆಯದಲ್ಲ, ಊಟ ಇಡುವ ಜಾಗಕ್ಕಂತೂ ಬೇಡವೇ ಬೇಡ ಅಂತ. ಕೊನೆಗೆ ಅವನ ಕೈಯಲ್ಲೇ ಹೊಸ ಕಬ್ಬಿಣದ ಶೀಟಿನಲ್ಲಿ ಮೂರು ಅರ್ಧ ಡ್ರಮ್ ಮಾಡಿಸಿದೆ, ಮೇಲೆ ಮುಚ್ಚಳ, ಸ್ಟೀಲಿನ ಜಾಲರಿ. ಒಂದಕ್ಕೆ ಆರು ಸಾವಿರ ಹತ್ತಿರ ಬಿತ್ತು. ಮುಚ್ಚಳದಲ್ಲಿ ಗಾಳಿ ಹೋಗುವ ತೂತು ಎಲ್ಲಿ, ಎಷ್ಟು ದೊಡ್ಡದು ಅನ್ನುವುದಕ್ಕೆ ನಾನು ಒಂದು ಮಳೆಗಾಲ ಪೂರ್ತಿ ತಲೆ ಕೆಡಿಸಿಕೊಂಡಿದ್ದೇನೆ. ಅದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ.

ಕೆಂಡವನ್ನು ಡ್ರಮ್ ತುಂಬ ಹರಡುವುದೇ ತಪ್ಪು. ಒಂದೇ ಬದಿಗೆ ರಾಶಿ ಮಾಡಬೇಕು. ಇನ್ನೊಂದು ಬದಿ ಖಾಲಿ, ಅಲ್ಲಿ ಒಂದು ತಟ್ಟೆ ನೀರು. ಕೋಳಿ ಇಡುವುದು ಖಾಲಿ ಬದಿಯ ಮೇಲೆ. ಮುಚ್ಚಳ ಹಾಕಬೇಕು. ಕೊಬ್ಬು ಕೆಂಡಕ್ಕೆ ಬೀಳುವುದಿಲ್ಲ, ಭಗ್ ಅಂತ ಉರಿ ಏಳುವುದಿಲ್ಲ, ಕಪ್ಪು ಹೊಗೆ ಮಾಂಸಕ್ಕೆ ಹಿಡಿಯುವುದಿಲ್ಲ. ಮುಕ್ಕಾಲು ಪಾಲು ಬೇಯುವುದು ಅಲ್ಲೇ. ಕೊನೆಯ ನಾಲ್ಕೈದು ನಿಮಿಷ ಕೆಂಡದ ಬದಿಗೆ ತಂದು ಚರ್ಮ ಗರಿ ಮಾಡುವುದು. ಒಟ್ಟು 40 ನಿಮಿಷ, ದಪ್ಪ ಪೀಸಿಗೆ 45. ಒಂದು ಡ್ರಮ್‌ಗೆ ಇಪ್ಪತ್ತು ಪೀಸ್, ಮೂರು ಡ್ರಮ್, ಮೂರು ಸರದಿ. 180 ಆಯಿತಲ್ವಾ?

ಇದ್ದಿಲು ಬೂದಿ ಬಣ್ಣಕ್ಕೆ ಬರುವವರೆಗೆ ನಾನು ಜಾಲರಿ ಇಡುವುದೇ ಇಲ್ಲ. ಹೊತ್ತಿಸಲು ಸೀಮೆಎಣ್ಣೆ, ಪೆಟ್ರೋಲ್ ಯಾವುದೂ ಇಲ್ಲ. ಹಳೇ ಎಣ್ಣೆ ಡಬ್ಬದ ಎರಡೂ ಬದಿ ತೆಗೆದು, ಕೆಳಗೆ ತೂತು ಹೊಡೆದು, ತೆಂಗಿನ ಗರಿ ತುರುಕಿ, ಮೇಲೆ ಇದ್ದಿಲು ತುಂಬಿ ಹೊತ್ತಿಸಿದರೆ ಇಪ್ಪತ್ತು ನಿಮಿಷಕ್ಕೆ ಕೆಂಡ ರೆಡಿ.

ಥರ್ಮಾಮೀಟರ್ ವಿಷಯಕ್ಕೆ ಬರುತ್ತೇನೆ. ಅಂಗಡಿಯಲ್ಲಿ ಗ್ಯಾಸ್ ಪೈಪಿಗೆ ಹಿಡಿಯುವುದನ್ನು ಊಟಕ್ಕೆ ಚುಚ್ಚಬೇಡಿ. ಅದಕ್ಕೇ ಅಂತ ಬೇರೆ ತಗೊಂಡೆ, ಕಡ್ಡಿಯಂಥದ್ದು, ಮೂರು ನಾಲ್ಕು ಸೆಕೆಂಡಿನಲ್ಲಿ ಲೆಕ್ಕ ಕೊಡುತ್ತದೆ. ಸಾವಿರದ ಇನ್ನೂರು ಕೊಟ್ಟ ನೆನಪು. ಅದಕ್ಕಿಂತ ಮೊದಲು ತಗೊಂಡ ಮುನ್ನೂರರದ್ದು ಎರಡೇ ತಿಂಗಳಲ್ಲಿ ಎಂಟು ಡಿಗ್ರಿ ಸುಳ್ಳು ಹೇಳಲು ಶುರು ಮಾಡಿತ್ತು. ಸುಳ್ಳು ಗೊತ್ತಾಗುವುದು ಹೇಗೆ? ಪುಡಿ ಐಸ್ ತುಂಬಿದ ಲೋಟಕ್ಕೆ ನೀರು ಹಾಕಿ ಚುಚ್ಚಿದರೆ ಸೊನ್ನೆ ಬರಬೇಕು. ಕುದಿಯುವ ನೀರಿನಲ್ಲಿ 100 ಬರಬೇಕು. ನಾವು ಸಮುದ್ರದ ಪಕ್ಕ ಇರುವವರು, ನಮಗೆ ಸರಿಯಾಗಿ 100. ಒಮ್ಮೆ ಮಡಿಕೇರಿಗೆ ಮದುವೆಗೆ ಹೋದಾಗ ಕುತೂಹಲಕ್ಕೆ ಕಿಸೆಯಲ್ಲಿ ತಗೊಂಡು ಹೋಗಿದ್ದೆ. ಅಡುಗೆ ಮನೆಯ ಕುದಿ ನೀರಿಗೆ ಅದ್ದಿದರೆ 96! ಹಾಳಾಯಿತು ಅಂದುಕೊಂಡೆ. ಊರಿಗೆ ಬಂದು ನೋಡಿದರೆ ಮತ್ತೆ 100. ಎತ್ತರದಲ್ಲಿ ನೀರು ಬೇಗ ಕುದಿಯುತ್ತದೆ ಅಂತ ಶಾಲೆಯಲ್ಲಿ ಓದಿದ್ದು ಅವತ್ತು ಕೈಯಲ್ಲಿ ಹಿಡಿದ ಹಾಗಾಯಿತು.

ಕೋಳಿಗೆ 74 ಡಿಗ್ರಿ. ತೊಡೆಯ ದಪ್ಪ ಜಾಗದಲ್ಲಿ, ಮೂಳೆಗೆ ತಾಗದ ಹಾಗೆ ಚುಚ್ಚಬೇಕು. ಮೂಳೆಗೆ ತಾಗಿದರೆ ಲೆಕ್ಕ ತಪ್ಪುತ್ತದೆ. ನಾನು ಲೆಗ್ ಪೀಸನ್ನು 80 ದಾಟಿಸುತ್ತೇನೆ. 74ಕ್ಕೆ ಅಪಾಯ ಹೋಗಿರುತ್ತದೆ, ಆದರೆ ತೊಡೆಯ ನಾರು ಬಿಡುವುದು 80ರ ಮೇಲೆಯೇ. ಎದೆ ಮಾಂಸ 80ಕ್ಕೆ ಹೋದರೆ ತೆಂಗಿನ ನಾರು. ಹಾಗಾಗಿ ಎದೆಯನ್ನು ನಾನು ಮೆಹಂದಿಗೆ ತರುವುದೇ ಇಲ್ಲ. ಪ್ರತಿ ಸರದಿಯಲ್ಲಿ ಕೆಂಡದಿಂದ ದೂರದ ಸಾಲು ಮತ್ತು ಎಲ್ಲಕ್ಕಿಂತ ದಪ್ಪ ಪೀಸು, ಇವಕ್ಕೆ ಚುಚ್ಚುತ್ತೇನೆ. ಅವು ಪಾಸಾದರೆ ಉಳಿದವೂ ಪಾಸು. ಒಮ್ಮೆ ಚುಚ್ಚಿ 60 ತೋರಿಸಿದರೆ, ಕಡ್ಡಿಯನ್ನು ಕುದಿ ನೀರಿಗೆ ಅದ್ದಿ ಒರೆಸಿಯೇ ಮುಂದಿನದಕ್ಕೆ.

ಬಣ್ಣ ನಂಬಬೇಡಿ. ಮೆಹಂದಿಯ ದಿನ ಭಾವನೇ ಒಂದು ಪೀಸ್ ಮುರಿದು ತಂದರು. ಮೂಳೆಯ ಪಕ್ಕ ಕಡು ಕೆಂಪು, ಬೆರಳಿಗೂ ಹತ್ತಿತ್ತು. "ನೋಡು, ರಕ್ತ" ಅಂದರು. ಸುತ್ತ ಏಳೆಂಟು ಜನ. ನಾನು ಅದೇ ಪೀಸಿಗೆ ಕಡ್ಡಿ ಚುಚ್ಚಿ ಅವರ ಕೈಗೇ ಕೊಟ್ಟೆ. ಅಂಕಿ ಏರಿ ಏರಿ 79ಕ್ಕೆ ನಿಂತಿತು, ಮುರಿದು ಗಾಳಿಗೆ ಹಿಡಿದ ಮೇಲೂ. ಎಳೇ ಕೋಳಿಯ ಮೂಳೆ ಗಟ್ಟಿಯಾಗಿರುವುದಿಲ್ಲ, ಒಳಗಿನ ಮಜ್ಜೆಯ ಬಣ್ಣ ಹೊರಗೆ ಇಳಿಯುತ್ತದೆ, ಬೆಂದ ಮೇಲೂ ಕೆಂಪಗೇ ಇರುತ್ತದೆ. "ಭಾವ, ನೀವೇ ಓದಿ" ಅಂದೆ. ಓದಿದರು. ಆ ಪೀಸು ಪೂರ್ತಿ ತಿಂದರು, ಇನ್ನೊಂದಕ್ಕೂ ಬಂದರು. ನನಗೆ ಆ ರಾತ್ರಿಯ ದುಡ್ಡಿಗಿಂತ ಅದು ದೊಡ್ಡದು.

ಐಸ್ ಬಾಕ್ಸ್ ನನ್ನ ಸ್ವಂತ ವಿದ್ಯೆ. ಮೂರು ದೊಡ್ಡ ಬಾಕ್ಸ್ ಉಂಟು. ನೀಲಿ ಮುಚ್ಚಳದ ಎರಡು ಹಸಿ ಕೋಳಿಗೆ, ಕೆಂಪು ಮುಚ್ಚಳದ್ದು ಬೆಂದದ್ದಕ್ಕೆ. ಬಾಕ್ಸಿಗೆ ತಂಪು, ಬಿಸಿ ಅಂತ ಭೇದ ಇಲ್ಲ, ಒಳಗಿದ್ದದ್ದನ್ನು ಹೊರಗೆ ಬಿಡುವುದಿಲ್ಲ ಅಷ್ಟೆ. ಕೆಂಪು ಬಾಕ್ಸಿಗೆ ಮೊದಲು ಕುದಿ ನೀರು ಹಾಕಿ ಕಾಲು ಗಂಟೆ ಮುಚ್ಚಿಡುತ್ತೇನೆ. ಚೆಲ್ಲಿ, ಒರೆಸಿ, ಸ್ಟೀಲ್ ಪಾತ್ರೆಯಲ್ಲಿ ಬೆಂದ ಪೀಸು ಇಟ್ಟರೆ ಒಂದೂವರೆ ಗಂಟೆ ಆದರೂ 65ರ ಕೆಳಗೆ ಇಳಿಯುವುದಿಲ್ಲ. ಮೀನು ತರುವ ಬಾಕ್ಸನ್ನು ಇದಕ್ಕೆ ಬಳಸಬೇಡಿ, ಎಷ್ಟು ತೊಳೆದರೂ ಬೇಡ. ಹಸಿ ಕೋಳಿ ಎತ್ತುವ ಇಕ್ಕಳಕ್ಕೆ ನೀಲಿ ಟೇಪ್, ಬೆಂದದ್ದಕ್ಕೆ ಕೆಂಪು. ಹುಡುಗರಿಗೆ ಭಾಷಣ ಕೊಟ್ಟರೆ ಮರೆಯುತ್ತಾರೆ, ಟೇಪ್ ಮರೆಯುವುದಿಲ್ಲ.

ಮಸಾಲೆಯಲ್ಲೂ ಒಂದು ಮಾತು. ಕೋಳಿ ಹೊರಳಿಸಿದ ಪಾತ್ರೆಯ ತಳದಲ್ಲಿ ಉಳಿದ ಮಸಾಲೆಯನ್ನು ಬೇಯುವ ಪೀಸಿಗೆ ಮತ್ತೆ ಹಚ್ಚುವ ಅಭ್ಯಾಸ ನಮ್ಮವರಿಗೆ ಜಾಸ್ತಿ. ಬ್ಯಾಡಗಿ ಮೆಣಸಿನ ಮಸಾಲೆ ಚೆಲ್ಲಲು ಮನಸ್ಸು ಬರುವುದಿಲ್ಲ, ನಿಜ. ಆದರೆ ಅದು ಹಸಿ ಕೋಳಿಯ ನೀರೇ. ಹಚ್ಚಲು ಬೇಕಾದದ್ದನ್ನು ಮೊದಲೇ ಬೇರೆ ತೆಗೆದಿಡಿ. ಹುಣಸೆ, ನಿಂಬೆ, ಮೊಸರು ಹಾಕಿದರೆ ರೋಗಾಣು ಸಾಯುತ್ತವೆ ಅನ್ನುವುದೂ ಸುಳ್ಳು. ನನ್ನ ಮಸಾಲೆಯಲ್ಲಿ ಬ್ಯಾಡಗಿ, ಕೊತ್ತಂಬರಿ, ಬೆಳ್ಳುಳ್ಳಿ, ಹುಳಿಗೆ ಬಿಂಬುಳಿ ಕಾಯಿ ಉಂಟು. ಇನ್ನೊಂದು ವಸ್ತು ಉಂಟು, ಅದು ನಮ್ಮ ಮನೆಯದ್ದು, ಕೇಳಬೇಡಿ.

ಕೋಳಿ ತೊಳೆಯುವ ವಿಷಯದಲ್ಲಿ ಅಮ್ಮನ ಜತೆ ಇನ್ನೂ ಜಗಳ. ನಲ್ಲಿಯ ಕೆಳಗೆ ಹಿಡಿದರೆ ಹನಿ ಸಿಡಿದು ಪಕ್ಕದ ಸೌತೆಕಾಯಿಗೂ ಹೋಗುತ್ತದೆ, ರೋಗಾಣು ಕೆಂಡದಲ್ಲಿ ಸಾಯುತ್ತವೆಯೇ ಹೊರತು ನೀರಿನಲ್ಲಿ ಅಲ್ಲ ಅಂತ ಎಷ್ಟು ಹೇಳಿದರೂ "ತೊಳೆಯದ ಕೋಳಿ ಯಾರು ತಿಂತಾರೆ?" ಅನ್ನುತ್ತಾರೆ. ಮನೆಯಲ್ಲಿ ಈಗ ಒಂದು ಒಪ್ಪಂದ: ಪಾತ್ರೆಯ ನೀರಿನಲ್ಲಿ ಮುಳುಗಿಸಿ ಮೆಲ್ಲ ತೊಳೆಯುವುದು, ಆಮೇಲೆ ಸಿಂಕ್ ಸಾಬೂನು ಹಾಕಿ ಉಜ್ಜುವುದು, ಸಲಾಡ್ ಹೆಚ್ಚುವುದು ಬೇರೆ ಕಡೆ. ನನ್ನ ಕೆಲಸದಲ್ಲಿ ಮಾತ್ರ ತೊಳೆಯುವುದಿಲ್ಲ.

ಮೀನಿನ ಕಥೆ ಬೇರೆ. ಅಂಜಲ್ ಸುಲಭ, 63 ಡಿಗ್ರಿಗೆ ಪದರ ಪದರ ಬಿಡುತ್ತದೆ. ಬಂಗುಡೆ ನನಗೆ ಪಾಠ ಕಲಿಸಿತು. ಮಲ್ಪೆಯಲ್ಲಿ ಒಮ್ಮೆ ಮಧ್ಯಾಹ್ನ ಅಗ್ಗಕ್ಕೆ ಸಿಕ್ಕಿತು ಅಂತ ಐಸ್ ಇಲ್ಲದ ರಾಶಿಯಿಂದ ಎತ್ತಿಕೊಂಡು ಬಂದೆ. ಬಾಳೆ ಎಲೆಯಲ್ಲಿ ಸುತ್ತಿ ಚೆನ್ನಾಗಿಯೇ ಸುಟ್ಟೆ, ಥರ್ಮಾಮೀಟರ್ 75 ತೋರಿಸಿತ್ತು. ತಿನ್ನುವಾಗ ನಾಲಗೆಗೆ ಕಾಳುಮೆಣಸಿನ ಹಾಗೆ ಸಣ್ಣ ಚುರುಕು. ಅರ್ಧ ಗಂಟೆಗೆ ನನ್ನ, ಹೆಂಡತಿಯ ಮುಖ ಕೆಂಪು ಕೆಂಪು, ತುರಿಕೆ, ತಲೆನೋವು. ಮನೆಯವರು "ಮೀನು ನಂಜಾಯಿತು" ಅಂದರು. ಡಾಕ್ಟರ್ ಬಿಡಿಸಿ ಹೇಳಿದರು. ಬಂಗುಡೆ, ಕೇದರ (ಟ್ಯೂನಾ) ಇಂಥ ಮೀನು ಬಿಸಿಲಲ್ಲಿ ಕೂತರೆ ಒಳಗೆ ಹಿಸ್ಟಮಿನ್ ಅನ್ನುವ ವಸ್ತು ಸೇರಿಕೊಳ್ಳುತ್ತದೆ, ಅದು ಯಾವ ಬೆಂಕಿಗೂ ಹೋಗುವುದಿಲ್ಲ ಅಂತ. ನನ್ನ 75 ಡಿಗ್ರಿ ಅಲ್ಲಿ ಏನೂ ಮಾಡಲಿಲ್ಲ. ಈಗ ಬೆಳಿಗ್ಗೆ ಐಸ್ ಸಮೇತ ತರುತ್ತೇನೆ, ಇಲ್ಲದಿದ್ದರೆ ಅವತ್ತು ಬಂಗುಡೆ ಇಲ್ಲ.

ಇದ್ದಿಲಿನಲ್ಲಿ ಸುಮಾರು ಪ್ರಯೋಗ ಮಾಡಿದ್ದೇನೆ. ಗೆರಟೆ (ತೆಂಗಿನ ಚಿಪ್ಪು) ಇದ್ದಿಲು ಬಿಸಿ ಜಾಸ್ತಿ, ಹೊಗೆ ಕಡಿಮೆ, ಆದರೆ ಪುಡಿ ಜಾಸ್ತಿ. ಸೌದೆ ಇದ್ದಿಲು ಕೆ.ಜಿ.ಗೆ 45ರ ಆಸುಪಾಸು, ಗೆರಟೆಯದ್ದು ಹತ್ತು ಹದಿನೈದು ಜಾಸ್ತಿ. ಎರಡನ್ನೂ ಬೆರೆಸುತ್ತೇನೆ. ಹಸಿ ಗೆರಟೆಯನ್ನೇ ಹಾಕಿ ನೋಡಿದೆ, ಕಹಿ ಹೊಗೆ. ಗೆಳೆಯನೊಬ್ಬ ಪುಕ್ಕಟೆ ಸಿಗುತ್ತದೆ ಅಂತ ಗೇರುಬೀಜದ ಸಿಪ್ಪೆ ಒಂದು ಗೋಣಿ ತಂದಿದ್ದ. ದಯವಿಟ್ಟು ಅದರ ತಂಟೆಗೆ ಹೋಗಬೇಡಿ. ಆ ಸಿಪ್ಪೆಯಲ್ಲಿ ಕೈ ಸುಡುವ ಎಣ್ಣೆ ಇರುವುದು ನಮಗೆಲ್ಲ ಗೊತ್ತು, ಅದರ ಹೊಗೆಯೂ ಹಾಗೆಯೇ. ಎರಡು ನಿಮಿಷದಲ್ಲಿ ಕಣ್ಣು, ಗಂಟಲು ಉರಿ. ಆರು ಪೀಸು ಎಸೆದು, ಜಾಲರಿ ಕಾಯಿಸಿ ಉಜ್ಜಿ ತೊಳೆದೆ. ಉಜ್ಜಲು ತಂತಿ ಬ್ರಷ್ ಬೇಡ, ಅದರ ಕೂದಲಿನಂಥ ತಂತಿ ಮುರಿದು ಊಟಕ್ಕೆ ಸೇರಬಹುದು. ನಾನು ತೆಂಗಿನ ನಾರಿನ ಗುಂಜು ಬಳಸುತ್ತೇನೆ.

ಎಲ್ಲಕ್ಕಿಂತ ಹೆದರಿದ್ದು ಊಟದ ವಿಷಯದಲ್ಲಿ ಅಲ್ಲ. ಮೂರು ವರ್ಷದ ಹಿಂದೆ ಕೆಲಸ ಮುಗಿಸಿ ಬರುವಾಗ ಮಳೆ. ಆರದ ಕೆಂಡವನ್ನು ತಗಡಿನ ಡಬ್ಬಕ್ಕೆ ತುಂಬಿ ಓಮ್ನಿಯ ಹಿಂದೆ ಇಟ್ಟು, ಗಾಜು ಏರಿಸಿ ಹೊರಟೆ. ಪಡುಬಿದ್ರಿ ದಾಟುವಾಗ ತಲೆ ಭಾರ, ವಾಂತಿ ಬಂದ ಹಾಗೆ. ಪಕ್ಕದ ಹುಡುಗ ಕರೆದರೆ ಮಾತಾಡುತ್ತಿಲ್ಲ. ಗಾಡಿ ನಿಲ್ಲಿಸಿ ಅವನನ್ನು ಹೊರಗೆ ಎಳೆದೆ, ಮಳೆಯಲ್ಲೇ ಕೂರಿಸಿದೆ. ಹತ್ತು ನಿಮಿಷಕ್ಕೆ ಮಾತು ಬಂತು, ಆದರೂ ಸೀದಾ ಆಸ್ಪತ್ರೆಗೆ ಕರಕೊಂಡು ಹೋಗಿ ರಾತ್ರಿಯಿಡೀ ಅಲ್ಲೇ ಇದ್ದೆ. ಹೊಗೆ ಇಲ್ಲ, ವಾಸನೆ ಇಲ್ಲ, ಇದ್ದದ್ದು ಕಾರ್ಬನ್ ಮೊನಾಕ್ಸೈಡ್. ಈಗ ಮಳೆ ಬಂದರೆ ಯಾರು ಎಷ್ಟು ಒತ್ತಾಯ ಮಾಡಿದರೂ ಡ್ರಮ್ ಹಾಲ್ ಒಳಗೆ ಬರುವುದಿಲ್ಲ, ಟಾರ್ಪಾಲ್ ಮುಚ್ಚಿದ ಪೋರ್ಟಿಕೋಗೂ ಬರುವುದಿಲ್ಲ. ಕೆಲಸ ನಿಲ್ಲಿಸುತ್ತೇನೆ. ಹಾಗೆ ಒಂದು ಸಲ ಅಡ್ವಾನ್ಸ್ ವಾಪಸ್ ಕೊಟ್ಟದ್ದೂ ಉಂಟು. ಕೆಂಡಕ್ಕೆ ಅಲ್ಲೇ ನೀರು ಹಾಕಿ, ಕೈ ಇಟ್ಟು ನೋಡಿಯೇ ಗಾಡಿಗೆ.

ಕಾಪುವಿನ ಲೆಕ್ಕ ಕೇಳುವವರಿಗೆ: ಕೋಳಿ 45 ಕೆ.ಜಿ., ಹತ್ತು ಸಾವಿರದ ಚಿಲ್ಲರೆ. ಇದ್ದಿಲು 22 ಕೆ.ಜಿ. ಆಯಿತು. ಐಸ್, ಮಸಾಲೆ, ಇಬ್ಬರು ಹುಡುಗರು, ಗಾಡಿ ಎಲ್ಲ ಸೇರಿ ಖರ್ಚು ಹದಿನಾರೂವರೆ ಸಾವಿರ. ಪೀಸಿಗೆ 140 ತಗೊಂಡೆ. ಕೈಯಲ್ಲಿ ಎಂಟು ಸಾವಿರದ ಏಳುನೂರು ಉಳಿಯಿತು. ಅರ್ಧ ಬೇಯಿಸಿ ತರುವವರು 120ಕ್ಕೆ ಮಾಡುತ್ತಾರೆ, ಮಾಡಲಿ. ನನ್ನ ರೇಟ್ ಇಷ್ಟೇ.

ಈಗ ಜೂನ್ ಹತ್ತಿರ ಬಂತು. ಮೀನು ಹಿಡಿಯಲು ನಿಷೇಧ ಅಂತ ಬೋಟ್ ಎಲ್ಲ ಎರಡು ತಿಂಗಳು ದಡದ ಮೇಲೆ, ತುಳುವರ ಆಟಿ ತಿಂಗಳಲ್ಲಿ ಮದುವೆಯೂ ಇಲ್ಲ. ಜಾಲರಿಗೆ ತೆಂಗಿನೆಣ್ಣೆ ಹಚ್ಚಿ ಕಟ್ಟಿಟ್ಟಿದ್ದೇನೆ. ಇದ್ದಿಲನ್ನು ಮುಚ್ಚಳ ಇರುವ ಪ್ಲಾಸ್ಟಿಕ್ ಬ್ಯಾರಲಿಗೆ ತುಂಬಿಸಿದೆ, ಕಳೆದ ವರ್ಷ ಗೋಣಿಯಲ್ಲಿಟ್ಟದ್ದು ತೇವ ಎಳೆದು ಹೊತ್ತಿಸಿದಾಗ ಪಟಪಟ ಸಿಡಿಯುತ್ತಿತ್ತು. ಡಿಸೆಂಬರಿಗೆ ಒಂದು ರೋಸ್‌ನವರು (ಕ್ರೈಸ್ತರಲ್ಲಿ ಮದುವೆಗೆ ಮೊದಲಿನ ಸಮಾರಂಭ) ಹಂದಿ ಮಾಂಸ ಸುಡಲು ಹೇಳಿದ್ದಾರೆ. ಇಡೀ ತುಂಡಾದರೆ 63 ಡಿಗ್ರಿ, ಆಮೇಲೆ ಮೂರು ನಿಮಿಷ ಹಾಗೇ ಬಿಡಬೇಕು. ಆದರೆ ಚರ್ಮ ಸಮೇತದ ಕೊಬ್ಬಿನ ತುಂಡಿಗೆ ನನ್ನ ನೀರಿನ ತಟ್ಟೆ ಸಣ್ಣದಾಗುತ್ತದೆ. ವೆಲ್ಡಿಂಗ್ ಗೆಳೆಯನಿಗೆ ಅಳತೆ ಕೊಟ್ಟು ಬಂದಿದ್ದೇನೆ.